ಒಂದೇ ಸೀಸೆಯಲ್ಲಿ ಎರಡು ಬಣ್ಣದ ಹರಳು: ಯಾವುದನ್ನು ನಂಬಲಿ?

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ:

"ಸರ್, ನಾನು ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೂರನೇ ವರ್ಷ. ಪಲ್ಲಾಡಿಯಮ್‌ಗೆ ಗಂಧಕದ ಲಿಗ್ಯಾಂಡ್ (ಲೋಹಕ್ಕೆ ಕಟ್ಟಿಕೊಳ್ಳುವ ಅಣು ಅಥವಾ ಅಯಾನು) ಮತ್ತು ಫಾಸ್ಫೀನ್ (ಫಾಸ್ಫರಸ್ ಮೂಲಕ ಕಟ್ಟಿಕೊಳ್ಳುವ ಲಿಗ್ಯಾಂಡ್) ಎರಡನ್ನೂ ಕಟ್ಟಿ ಕಾಂಪ್ಲೆಕ್ಸ್ ಮಾಡುವುದು ನನ್ನ ಕೆಲಸ. ಎರಡು ಟ್ರೈಫಿನೈಲ್‌ಫಾಸ್ಫೀನ್ ಇರುವ ಪಲ್ಲಾಡಿಯಮ್ ಡೈಕ್ಲೋರೈಡ್‌ಗೆ ಸೋಡಿಯಂ ಡೈಈಥೈಲ್‌ಡೈಥಯೋಕಾರ್ಬಮೇಟ್ ಒಂದಕ್ಕೊಂದು ಪ್ರಮಾಣದಲ್ಲಿ ಹಾಕಿದೆ. ಕಿತ್ತಳೆ ಬಣ್ಣದ ಪುಡಿ ಬಂತು. ಅದನ್ನು ಡೈಕ್ಲೋರೊಮೀಥೇನ್‌ನಲ್ಲಿ ಕರಗಿಸಿ ಈಥರ್ ಆವಿಯಲ್ಲಿಟ್ಟೆ. ಹನ್ನೆರಡು ದಿನಕ್ಕೆ ಹರಳು ಕಂಡವು. ಆದರೆ ಒಂದೇ ಸೀಸೆಯಲ್ಲಿ ಎರಡು ಥರ. ದೊಡ್ಡವು ಗಾಜಿನಂತೆ, ಬಣ್ಣವೇ ಇಲ್ಲ. ಚಿಕ್ಕವು ಕಿತ್ತಳೆ. ದೊಡ್ಡದೇ ಚೆನ್ನಾಗಿದೆ ಎಂದು ಅದನ್ನು ಎಕ್ಸ್-ರೇಗೆ ಕೊಟ್ಟೆ. ಟ್ರೈಫಿನೈಲ್‌ಫಾಸ್ಫೀನ್ ಆಕ್ಸೈಡ್ ಅಂತ ಬಂತು. ಪಲ್ಲಾಡಿಯಮ್ಮೇ ಇಲ್ಲ! ಆಮೇಲೆ ಕಿತ್ತಳೆಯದನ್ನು ಕೊಟ್ಟೆ. ಅದರಲ್ಲಿ ಪಲ್ಲಾಡಿಯಮ್, ಡೈಥಯೋಕಾರ್ಬಮೇಟ್, ಒಂದು ಫಾಸ್ಫೀನ್, ಒಂದು ಕ್ಲೋರಿನ್ ಇವೆ. ಆದರೆ ಒಂದು ಪಲ್ಲಾಡಿಯಮ್-ಗಂಧಕ ಬಂಧ 2.28 ಆಂಗ್‌ಸ್ಟ್ರಾಂ, ಇನ್ನೊಂದು 2.36. ಒಂದೇ ಲಿಗ್ಯಾಂಡ್‌ನ ಎರಡು ಗಂಧಕ ಒಂದೇ ಥರ ಇರಬೇಕು, ನಿನ್ನ ರಿಫೈನ್‌ಮೆಂಟ್ (ರಚನೆಯನ್ನು ಎಕ್ಸ್-ರೇ ಡೇಟಾಗೆ ಹೊಂದಿಸುವ ಲೆಕ್ಕ) ತಪ್ಪಿದೆ ಎನ್ನುತ್ತಾರೆ ಸೀನಿಯರ್ ಒಬ್ಬರು. ಲೋಹದ ಸುತ್ತಲಿನ ಆಕಾರ ಹೇಳುವ ಟೌ-4 ಬೆಲೆ 0.13 ಬಂದಿದೆ. ಚೌಕ ತಿರುಚಿದೆ ಅಂತ ಬರೆಯಲೇ? ಹರಳಿನೊಳಗೆ ಒಂದು ಜಾಗದಲ್ಲಿ ಏನೋ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿದೆ, ಸ್ಕ್ವೀಝ್ ಪ್ರೋಗ್ರಾಮ್ ಹಾಕಿ ಅದನ್ನು ಲೆಕ್ಕದಿಂದ ತೆಗೆದುಬಿಡು ಅಂದಿದ್ದಾರೆ. ಕಾರ್ಬನ್ ಶೇ. 50 ಇರಬೇಕಿತ್ತು, 47.4 ಬಂದಿದೆ. ಗಂಧಕ ಪಲ್ಲಾಡಿಯಮ್‌ಗೆ ವಿಷ, ಈ ಕಾಂಪ್ಲೆಕ್ಸ್‌ನಿಂದ ಕ್ಯಾಟಲಿಸ್ಟ್ ಕೆಲಸ ಆಗುವುದಿಲ್ಲ ಎಂದೂ ಹೇಳುತ್ತಾರೆ. ಡಿಸೆಂಬರ್‌ನಲ್ಲಿ ಥೀಸಿಸ್ ಕೊಡಬೇಕು. ಮೊದಲಿನಿಂದ ಮಾಡಲೇ?"

ಉತ್ತರ:

ಬೇಡ. ಮೊದಲಿನಿಂದ ಮಾಡುವ ಅಗತ್ಯ ಇಲ್ಲ. ಪತ್ರವನ್ನು ನಾಲ್ಕು ಸಲ ಓದಿದೆ. ನೀವು ತಪ್ಪು ಎಂದುಕೊಂಡ ಅಂಕಿಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇವೆ. ನಿಮ್ಮ ನಿಜವಾದ ಚಿಂತೆ ಬೇರೆ ಅಂತ ನನಗನಿಸುತ್ತದೆ. ಸೀಸೆಯಿಂದ ಒಂದು ಹರಳು ಎತ್ತಿದಿರಿ, ಅದು ಬೇರೇನೋ ಆಗಿತ್ತು. ಈಗ ಇನ್ನೊಂದು ಎತ್ತಿದ್ದೀರಿ. ಇದನ್ನಾದರೂ ನಂಬಬಹುದೇ ಎನ್ನುವುದು ನಿಮ್ಮ ಪ್ರಶ್ನೆ, ಅಲ್ವಾ? ಇದು ಬಹಳ ಒಳ್ಳೆಯ ಪ್ರಶ್ನೆ. ಎಷ್ಟೋ ಜನ ಇದನ್ನು ಕೇಳಿಕೊಳ್ಳದೆಯೇ ಪೇಪರ್ ಬರೆದುಬಿಡುತ್ತಾರೆ.

ಬಣ್ಣವಿಲ್ಲದ ಹರಳಿನಿಂದ ಶುರು ಮಾಡೋಣ. ಅದು ಎಲ್ಲಿಂದ ಬಂತು? ನಿಮ್ಮ ರಿಯಾಕ್ಷನ್ನಿನ ಲೆಕ್ಕವನ್ನೇ ನೋಡಿ. ಶುರುವಿನಲ್ಲಿ ಪಲ್ಲಾಡಿಯಮ್ ಮೇಲೆ ಎರಡು ಫಾಸ್ಫೀನ್ ಇದ್ದವು. ಡೈಥಯೋಕಾರ್ಬಮೇಟ್ ಬಂದು ಎರಡು ಗಂಧಕದಿಂದಲೂ ಹಿಡಿದುಕೊಂಡಿತು. ಪಲ್ಲಾಡಿಯಮ್ ಸುತ್ತ ನಾಲ್ಕೇ ಜಾಗ. ಹಾಗಾಗಿ ಒಂದು ಕ್ಲೋರಿನ್ ಉಪ್ಪಾಗಿ ಹೋಯಿತು, ಒಂದು ಫಾಸ್ಫೀನ್ ಕಳಚಿ ಬಿತ್ತು. ಅಂದರೆ ನಿಮ್ಮ ಕಾಂಪ್ಲೆಕ್ಸ್‌ನ ಒಂದೊಂದು ಅಣುವಿಗೆ ಒಂದೊಂದು ಬಿಡಿ ಫಾಸ್ಫೀನ್ ಫ್ಲಾಸ್ಕ್‌ನಲ್ಲಿ ಓಡಾಡುತ್ತಿದೆ. ಪುಡಿಯಾಗಿದ್ದರೆ ಟ್ರೈಫಿನೈಲ್‌ಫಾಸ್ಫೀನ್ ಗಾಳಿಗೆ ಅಷ್ಟಾಗಿ ಹೆದರುವುದಿಲ್ಲ. ಆದರೆ ದ್ರಾವಣದಲ್ಲಿ, ಅದೂ ಪಲ್ಲಾಡಿಯಮ್ ಪಕ್ಕದಲ್ಲಿ, ಹನ್ನೆರಡು ದಿನ ಇಟ್ಟರೆ ಆಕ್ಸಿಜನ್ ಹಿಡಿದು ಆಕ್ಸೈಡ್ ಆಗುತ್ತದೆ. ಈ ಆಕ್ಸೈಡ್ ಬಹಳ ಸಲೀಸಾಗಿ, ದೊಡ್ಡದಾಗಿ ಹರಳುಗಟ್ಟುವ ವಸ್ತು. ಬೇರೆ ಅಣುಗಳು ಹರಳಾಗದೆ ಸತಾಯಿಸಿದಾಗ ಇದನ್ನು ಜೊತೆಗೆ ಸೇರಿಸಿ ಹರಳು ಬೆಳೆಸುವ ಪದ್ಧತಿಯನ್ನು ಮಾರ್ಗರೆಟ್ ಎಟ್ಟರ್ 1980ರ ದಶಕದಲ್ಲೇ ತೋರಿಸಿಕೊಟ್ಟಿದ್ದರು.

ಹಾಗಾಗಿ "ದೊಡ್ಡ ಹರಳೇ ಒಳ್ಳೆಯ ಹರಳು" ಎನ್ನುವುದು ಮೊದಲು ಬಿಡಬೇಕಾದ ನಂಬಿಕೆ. ಫಾಸ್ಫೀನ್ ಇರುವ ಸೀಸೆಯಲ್ಲಿ ಬಣ್ಣವಿಲ್ಲದ ದೊಡ್ಡ ಹರಳು ಕಂಡರೆ ನಾನು ಮೊದಲು ಆಕ್ಸೈಡ್ ಎಂದೇ ಹಿಡಿಯುತ್ತೇನೆ. ನಾನೂ ಈ ಪೆಟ್ಟು ತಿಂದವನೇ. ಸಂಶೋಧನೆಯ ಶುರುವಿನಲ್ಲಿ ಆರು ವಾರ ಕಾದು ಬೆಳೆಸಿದ ಹರಳನ್ನು ದೂರದ ಒಂದು ಪ್ರಯೋಗಾಲಯಕ್ಕೆ ಕಳಿಸಿದ್ದೆ. ಬಂದ ಉತ್ತರ ಇದೇ. ಆ ದಿನ ಊಟ ಸೇರಲಿಲ್ಲ. ಆಮೇಲೆ ಎರಡು ಅಭ್ಯಾಸ ಮಾಡಿಕೊಂಡೆ, ಅವನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದು ಕರಗುವ ಬಿಂದು. ಬಣ್ಣವಿಲ್ಲದ ಎರಡು ಹರಳನ್ನು ಪುಡಿ ಮಾಡಿ ಕ್ಯಾಪಿಲರಿಗೆ ತುಂಬಿ. 80 ಡಿಗ್ರಿ ಹತ್ತಿರ ಕರಗಿದರೆ ಅದು ಬರೀ ಫಾಸ್ಫೀನ್. 155ರ ಆಸುಪಾಸಿನಲ್ಲಿ ಕರಗಿದರೆ ಆಕ್ಸೈಡ್. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ.

ಎರಡನೆಯದು ಯೂನಿಟ್ ಸೆಲ್, ಅಂದರೆ ಹರಳಿನಲ್ಲಿ ಮತ್ತೆಮತ್ತೆ ಬರುವ ಚಿಕ್ಕ ಪೆಟ್ಟಿಗೆ. ಪೂರ್ತಿ ಡೇಟಾ ತೆಗೆಯುವ ಮೊದಲು ಯಂತ್ರದ ಮುಂದೆ ಕೂತವರಿಗೆ "ಸೆಲ್ ಮಾತ್ರ ನೋಡಿ ಹೇಳಿ" ಅಂತ ಕೇಳಿಕೊಳ್ಳಿ. ಸೆಲ್ಲಿನ ಗಾತ್ರ ಸಿಕ್ಕರೆ ಒಂದು ಒರಟು ಲೆಕ್ಕ ಹಾಕಬಹುದು. ಹೈಡ್ರೋಜನ್ ಬಿಟ್ಟು ಉಳಿದ ಒಂದೊಂದು ಪರಮಾಣುವಿಗೆ ಸುಮಾರು 18ರಿಂದ 20 ಘನ ಆಂಗ್‌ಸ್ಟ್ರಾಂ ಜಾಗ. ಆಕ್ಸೈಡ್‌ನಲ್ಲಿ ಅಂಥ ಪರಮಾಣು 20. ಅಂದರೆ ಒಂದು ಅಣುವಿಗೆ 360ರಿಂದ 400. ನಿಮ್ಮ ಕಾಂಪ್ಲೆಕ್ಸ್‌ನಲ್ಲಿ 29. ಅಂದರೆ 520ರಿಂದ 580, ಭಾರದ ಪರಮಾಣುಗಳಿರುವುದರಿಂದ ಇನ್ನೂ ಸ್ವಲ್ಪ ಜಾಸ್ತಿಯೂ ಆಗಬಹುದು. ಸೆಲ್ ಗಾತ್ರವನ್ನು ಅದರೊಳಗಿನ ಅಣುಗಳ ಸಂಖ್ಯೆಯಿಂದ, ಸಾಮಾನ್ಯವಾಗಿ ನಾಲ್ಕು ಅಥವಾ ಎಂಟು, ಭಾಗಿಸಿದರೆ ಯಾವುದು ಹೊಂದುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಇನ್ನೂ ಖಾತ್ರಿ ಬೇಕಾದರೆ ಆ ಸೆಲ್ಲನ್ನು ಕೇಂಬ್ರಿಜ್ ಡೇಟಾಬೇಸ್‌ನಲ್ಲಿ ಹುಡುಕಿ. 1965ರಲ್ಲಿ ಶುರುವಾದ ಆ ಸಂಗ್ರಹ 2019ರಲ್ಲೇ ಹತ್ತು ಲಕ್ಷ ರಚನೆ ದಾಟಿದೆ. ಫಾಸ್ಫೀನ್ ಆಕ್ಸೈಡ್ ಅದರಲ್ಲಿ ಹಳೆಯ ಗಿರಾಕಿ.

ಈಗ ಕಿತ್ತಳೆ ಹರಳು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ. ನಿಮ್ಮ ಕೆಲಸದ ಸತ್ವ ಇಲ್ಲಿದೆ.

ನಿಮ್ಮ ಸೀನಿಯರ್ ಹೇಳಿದ್ದು ಬಿಡಿ ಲಿಗ್ಯಾಂಡ್‌ಗೆ ನಿಜ. ಡೈಥಯೋಕಾರ್ಬಮೇಟ್ ಒಂಟಿಯಾಗಿದ್ದಾಗ ಎರಡು ಗಂಧಕಕ್ಕೂ ವ್ಯತ್ಯಾಸ ಇಲ್ಲ. ಆದರೆ ಅದು ಪಲ್ಲಾಡಿಯಮ್ ಮೇಲೆ ಕೂತಾಗ ಒಂದು ಗಂಧಕದ ಎದುರಿಗೆ ಫಾಸ್ಫರಸ್ ಇದೆ, ಇನ್ನೊಂದರ ಎದುರಿಗೆ ಕ್ಲೋರಿನ್. ನಮ್ಮ ಕಡೆ ಹೊಲದಲ್ಲಿ ಜೋಡೆತ್ತು ಹೂಡುವುದನ್ನು ನೋಡಿರುತ್ತೀರಿ. ಒಂದು ಎತ್ತು ಬಲವಾಗಿದ್ದು ಮುಂದೆ ಎಳೆದರೆ ಅದೇ ನೊಗದ ಇನ್ನೊಂದು ಎತ್ತು ಹಿಂದೆ ಬೀಳುತ್ತದೆ. ಪಲ್ಲಾಡಿಯಮ್‌ನಲ್ಲಿ ಎದುರುಬದುರಾಗಿರುವ ಎರಡು ಪರಮಾಣು ಲೋಹದ ಒಂದೇ ಆರ್ಬಿಟಲ್ಲನ್ನು ಹಂಚಿಕೊಳ್ಳುತ್ತವೆ. ಅದೇ ಅವುಗಳ ನೊಗ. ಫಾಸ್ಫೀನ್ ಬಲವಾದ ಎತ್ತು. ಅದರ ಎದುರಿನ ಗಂಧಕದ ಬಂಧ ಉದ್ದವಾಗುತ್ತದೆ. ಕ್ಲೋರಿನ್ ಅಷ್ಟು ಎಳೆಯುವುದಿಲ್ಲ. ಅದರ ಎದುರಿನ ಗಂಧಕ ಲೋಹಕ್ಕೆ ಹತ್ತಿರ ಬರುತ್ತದೆ. ಇದಕ್ಕೆ ಟ್ರಾನ್ಸ್ ಪ್ರಭಾವ ಎನ್ನುತ್ತಾರೆ. ಪ್ಲಾಟಿನಮ್ ಕಾಂಪ್ಲೆಕ್ಸ್‌ಗಳಲ್ಲಿ ಎದುರಿನ ಲಿಗ್ಯಾಂಡ್ ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ರಷ್ಯಾದ ಚೆರ್ನಾಯೆವ್ 1926ರಲ್ಲೇ ಗುರುತಿಸಿದ್ದರು. ಅದು ವೇಗದ ಮಾತು, ಅದನ್ನು ಟ್ರಾನ್ಸ್ ಪರಿಣಾಮ ಎನ್ನುತ್ತಾರೆ. ನಿಮ್ಮದು ಬಂಧದ ಉದ್ದದ ಮಾತು. ವೈವಾದಲ್ಲಿ ಈ ಎರಡನ್ನೂ ಕಲಸಿಬಿಡಬೇಡಿ, ಖಂಡಿತ ಕೇಳುತ್ತಾರೆ.

ಈ ಜಾತಿಯ ಕಾಂಪ್ಲೆಕ್ಸ್‌ಗಳಲ್ಲಿ ಫಾಸ್ಫರಸ್ ಎದುರಿನ ಗಂಧಕ 2.35ರ ಸುತ್ತಮುತ್ತ, ಕ್ಲೋರಿನ್ ಎದುರಿನದು 2.28ರ ಸುತ್ತಮುತ್ತ ಇರುವುದೇ ವಾಡಿಕೆ. ನಿಮ್ಮ 2.36 ಯಾವುದರ ಎದುರು ಇದೆ, ಒಮ್ಮೆ ತೆರೆದು ನೋಡಿ. ಫಾಸ್ಫರಸ್ ಎದುರು ಇದ್ದರೆ ನಿಮ್ಮ ರಿಫೈನ್‌ಮೆಂಟ್ ಸರಿಯಾಗಿದೆ. ಎರಡೂ ಗಂಧಕ ಸಮಸಮ ಬಂದಿದ್ದರೆ ನಾನು ಅನುಮಾನ ಪಡುತ್ತಿದ್ದೆ. ಎರಡೂ ಫಾಸ್ಫೀನ್ ಉಳಿದು ಕ್ಲೋರಿನ್ ಹೊರಗೆ ಹೋದ, ಧನ ಅಯಾನಿನ ಕಾಂಪ್ಲೆಕ್ಸ್‌ನಲ್ಲಿ ಹಾಗೆ ಬರುತ್ತದೆ. ಅಲ್ಲಿ ಎರಡೂ ಗಂಧಕದ ಎದುರು ಫಾಸ್ಫರಸ್ಸೇ ಇರುತ್ತದೆ.

ಲಿಗ್ಯಾಂಡ್ ಒಳಗೂ ಒಂದು ಪರೀಕ್ಷೆ ಇದೆ. ಎರಡು ಕಾರ್ಬನ್-ಗಂಧಕ ಬಂಧಗಳೂ 1.72ರ ಹತ್ತಿರ ಇರಬೇಕು. ಕಾರ್ಬನ್-ನೈಟ್ರೋಜನ್ 1.31ರ ಹತ್ತಿರ ಇರಬೇಕು. ಸಾಮಾನ್ಯ ಒಂಟಿ ಕಾರ್ಬನ್-ನೈಟ್ರೋಜನ್ ಬಂಧ 1.47 ಇರುತ್ತದೆ. ಇಲ್ಲಿ ಇಷ್ಟು ಗಿಡ್ಡ ಆಗಲು ಅದರಲ್ಲಿ ಅರ್ಧಂಬರ್ಧ ಜೋಡಿಬಂಧ ಇರುವುದೇ ಕಾರಣ. ಐಆರ್‌ನಲ್ಲಿ (ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ) 1500ರಿಂದ 1540ರ ನಡುವೆ ನಿಮಗೆ ಕಂಡಿರುವ ಗಟ್ಟಿ ಪಟ್ಟಿ ಇದೇ ಬಂಧದ್ದು. 1000ದ ಹತ್ತಿರ ಒಂದೇ ಪಟ್ಟಿ ಇದ್ದರೆ ಎರಡೂ ಗಂಧಕ ಕಟ್ಟಿಕೊಂಡಿವೆ ಎಂದರ್ಥ. ಅದು ಸೀಳಿ ಎರಡಾಗಿದ್ದರೆ ಒಂದೇ ಗಂಧಕ ಹಿಡಿದಿರಬಹುದು. ಹರಳು ಹೇಳಿದ್ದನ್ನು ಪುಡಿಯ ಐಆರ್ ಕೂಡ ಹೇಳುತ್ತಿದೆಯಾ ನೋಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಫಾಸ್ಫರಸ್, ಗಂಧಕ, ಕ್ಲೋರಿನ್ ಪಕ್ಕಪಕ್ಕದ ಮನೆಯವು. 15, 16, 17 ಎಲೆಕ್ಟ್ರಾನ್. ಎಕ್ಸ್-ರೇ ನೋಡುವುದು ಎಲೆಕ್ಟ್ರಾನನ್ನು ಮಾತ್ರ. ಪಲ್ಲಾಡಿಯಮ್‌ನ 46 ಎಲೆಕ್ಟ್ರಾನ್ ಪಕ್ಕದಲ್ಲಿ ಈ ಮೂರೂ ಒಂದೇ ಥರ ಕಾಣುತ್ತವೆ. ಪ್ರೋಗ್ರಾಮ್ ತಾನೇ ಹೆಸರು ಹಚ್ಚುವಾಗ ಎಷ್ಟೋ ಸಲ ಅದಲುಬದಲು ಮಾಡುತ್ತದೆ. ಹಾಗಾಗಿ ಹೆಸರನ್ನು ನಂಬಬೇಡಿ, ನೆರೆಹೊರೆ ನೋಡಿ. ಮೂರು ಬೆಂಜೀನ್ ಉಂಗುರ ಹೊತ್ತಿದ್ದು ಫಾಸ್ಫರಸ್. ಒಂದು ಕಾರ್ಬನ್‌ಗೆ ಅಂಟಿದ್ದು ಗಂಧಕ. ಪಲ್ಲಾಡಿಯಮ್ ಬಿಟ್ಟರೆ ಯಾರ ಸಂಗವೂ ಇಲ್ಲದ್ದು ಕ್ಲೋರಿನ್. ನಿಮ್ಮ ಕಾಂಪ್ಲೆಕ್ಸ್‌ನಲ್ಲಿ ಇದು ಸುಲಭ. ಮುಂದೆ ಕ್ಲೋರಿನ್ ಬದಲು ಬೇರೆ ಸಣ್ಣ ಗಂಧಕದ ಗುಂಪು ಕಟ್ಟಿದಾಗ ಇದೇ ತಲೆನೋವಾಗುತ್ತದೆ.

ಟೌ-4 ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಬಹಳ ಜನ ಎಡವುತ್ತಾರೆ. ಲೋಹದ ಸುತ್ತ ಇರುವ ಕೋನಗಳಲ್ಲಿ ದೊಡ್ಡ ಎರಡನ್ನು ಕೂಡಿಸಿ, 360ರಿಂದ ಕಳೆದು, 141ರಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಪೂರ್ತಿ ಚೌಕವಾದರೆ 0, ಪೂರ್ತಿ ಟೆಟ್ರಾಹೆಡ್ರನ್ ಆದರೆ 1. ನಿಮ್ಮದು 0.13. ತಿರುಚಿದೆಯೇ?

ಒಂದು ಕಾಗದ ತಗೊಳ್ಳಿ. ಮಧ್ಯೆ ಪಲ್ಲಾಡಿಯಮ್ ಚುಕ್ಕೆ ಇಡಿ. ಡೈಥಯೋಕಾರ್ಬಮೇಟ್‌ನ ಎರಡು ಗಂಧಕಗಳ ನಡುವೆ ಒಂದೇ ಒಂದು ಕಾರ್ಬನ್ ಇರುವುದರಿಂದ ಅದರ ಬಾಯಿ ಚಿಕ್ಕದು. ಗಂಧಕ-ಪಲ್ಲಾಡಿಯಮ್-ಗಂಧಕ ಕೋನ 75 ಡಿಗ್ರಿಯಷ್ಟೇ. ಉಳಿದ 285 ಡಿಗ್ರಿಯನ್ನು ಮೂರು ಕೋನ ಹಂಚಿಕೊಳ್ಳಬೇಕು. ದಪ್ಪನೆಯ ಫಾಸ್ಫೀನ್ ಮತ್ತು ಅದರ ಪಕ್ಕದ ಗಂಧಕದ ನಡುವೆ 97, ಫಾಸ್ಫೀನ್-ಕ್ಲೋರಿನ್ 94, ಕ್ಲೋರಿನ್-ಗಂಧಕ 94 ಎಂದು ಇಟ್ಟುಕೊಳ್ಳೋಣ. ಕೂಡಿಸಿ ನೋಡಿ, 360 ಆಯಿತು. ಎಲ್ಲವೂ ಕಾಗದದ ಮೇಲೆಯೇ ಇವೆ, ಒಂದು ಪರಮಾಣುವೂ ಮೇಲೆ ಕೆಳಗೆ ಹೋಗಿಲ್ಲ. ಈಗ ಎದುರುಬದುರು ಕೋನ ಲೆಕ್ಕ ಹಾಕಿ. ಫಾಸ್ಫರಸ್‌ನಿಂದ ಎದುರಿನ ಗಂಧಕಕ್ಕೆ 97 ಮತ್ತು 75, ಒಟ್ಟು 172. ಕ್ಲೋರಿನ್‌ನಿಂದ ಎದುರಿನ ಗಂಧಕಕ್ಕೆ 94 ಮತ್ತು 75, ಒಟ್ಟು 169. ಎರಡೂ ಸೇರಿ 341. 360ರಿಂದ ಕಳೆದರೆ 19. 141ರಿಂದ ಭಾಗಿಸಿದರೆ 0.13.

ಕಾಗದದಷ್ಟು ಚಪ್ಪಟೆಯಾಗಿದ್ದರೂ ನಿಮ್ಮ ಸಂಖ್ಯೆಯೇ ಬಂತು! ಹಾಗಾಗಿ "ಟೆಟ್ರಾಹೆಡ್ರನ್ ಕಡೆ ತಿರುಚಿದೆ" ಅಂತ ಬರೆಯಬೇಡಿ. ಆ 0.13 ಬಂದದ್ದು ಲಿಗ್ಯಾಂಡ್‌ನ ಸಣ್ಣ ಬಾಯಿಯಿಂದ. ತಿರುಚು ಇದೆಯೋ ಇಲ್ಲವೋ ತಿಳಿಯಬೇಕಾದರೆ ಪಲ್ಲಾಡಿಯಮ್ ಮತ್ತು ನಾಲ್ಕು ಪರಮಾಣುಗಳ ಸರಾಸರಿ ಸಮತಲ ತೆಗೆದು, ಯಾವುದು ಎಷ್ಟು ದೂರ ಸರಿದಿದೆ ನೋಡಿ. ನಾಲ್ಕು ಕೋನಗಳ ಮೊತ್ತ 360ಕ್ಕೆ ಹತ್ತಿರ ಇದ್ದರೆ ಚಪ್ಪಟೆ ಎಂದೇ ಬರೆಯಿರಿ.

ಕಾರ್ಬನ್ ಲೆಕ್ಕಕ್ಕೂ ಆ "ಚೆಲ್ಲಾಪಿಲ್ಲಿ" ಜಾಗಕ್ಕೂ ಸಂಬಂಧ ಇದೆ. ನಿಮ್ಮ ಪತ್ರದಲ್ಲಿ ಅವು ಬೇರೆಬೇರೆ ಸಾಲಿನಲ್ಲಿವೆ, ಆದರೆ ಕತೆ ಒಂದೇ. ನಿಮ್ಮ ಕಾಂಪ್ಲೆಕ್ಸ್‌ನ ಅಣುತೂಕ ಸುಮಾರು 552.4. ಕಾರ್ಬನ್ ಶೇ. 50.0. ಒಂದೊಂದು ಅಣುವಿಗೆ ಅರ್ಧ ಡೈಕ್ಲೋರೊಮೀಥೇನ್ ಸೇರಿಸಿ ನೋಡಿ. ಅಣುತೂಕ 594.9, ಕಾರ್ಬನ್ ಶೇ. 47.4. ನಿಮಗೆ ಬಂದದ್ದು ಅದೇ! ಹರಳಿನೊಳಗೆ ಕೂತ ದ್ರಾವಕ ಅದು. ಫಾಸ್ಫೀನ್ ಆಕ್ಸೈಡ್ ಬೆರೆತಿದ್ದರೆ ಕಾರ್ಬನ್ ಮೇಲೆ ಹೋಗಬೇಕಿತ್ತು, ಅದರಲ್ಲಿ ಕಾರ್ಬನ್ ಶೇ. 77ಕ್ಕೂ ಜಾಸ್ತಿ. ತೂಕದಲ್ಲಿ ಹತ್ತನೇ ಒಂದು ಭಾಗ ಆಕ್ಸೈಡ್ ಇದ್ದರೂ ಶೇ. 52.8 ಬರುತ್ತಿತ್ತು. ಆದರೆ ಒಂದು ಎಚ್ಚರಿಕೆ. ಎರಡೂ ಸೇರಿಕೊಂಡರೆ ಒಂದು ಇಳಿಸುತ್ತದೆ, ಇನ್ನೊಂದು ಏರಿಸುತ್ತದೆ. ಸರಿಯಾದ ಉತ್ತರ ತಪ್ಪು ದಾರಿಯಲ್ಲಿ ಬರಬಹುದು. ಆದ್ದರಿಂದ ಪ್ರೋಟಾನ್ ಎನ್‌ಎಂಆರ್ (ಹೈಡ್ರೋಜನ್‌ಗಳ ನೆರೆಹೊರೆ ತೋರಿಸುವ ಪರೀಕ್ಷೆ) ತೆಗೆಯಿರಿ. ಡ್ಯೂಟೀರಿಯಂ ಕ್ಲೋರೊಫಾರ್ಮ್‌ನಲ್ಲಿ 5.30ಕ್ಕೆ ಡೈಕ್ಲೋರೊಮೀಥೇನ್ ಗೆರೆ ಬರುತ್ತದೆ. ನೈಟ್ರೋಜನ್ ಪಕ್ಕದ ಎರಡು ಸಿಎಚ್2ಗಳ ನಾಲ್ಕು ಹೈಡ್ರೋಜನ್‌ಗೆ ಇದು ಒಂದು ಹೈಡ್ರೋಜನ್ ಲೆಕ್ಕಕ್ಕೆ ಸಿಕ್ಕರೆ ಅರ್ಧ ಅಣು ಖಾತ್ರಿ. ಆ ಎರಡು ಈಥೈಲ್ ಗುಂಪು ಬೇರೆಬೇರೆಯಾಗಿ ಕಂಡರೆ ಅದೂ ಸಂತೋಷದ ವಿಷಯ. ಒಂದು ಕಡೆ ಫಾಸ್ಫೀನ್, ಒಂದು ಕಡೆ ಕ್ಲೋರಿನ್ ಎಂಬ ಜೋಡಣೆ ದ್ರಾವಣದಲ್ಲೂ ಉಳಿದಿದೆ ಎಂದಾಗುತ್ತದೆ.

ಸ್ಕ್ವೀಝ್ ಹಾಕುವುದು ತಪ್ಪಲ್ಲ. ಸುಮ್ನೆ ಹಾಕಿ ಮರೆತುಬಿಡುವುದು ತಪ್ಪು. ಡೈಕ್ಲೋರೊಮೀಥೇನ್‌ನ ಒಂದು ಅಣುವಿನಲ್ಲಿ 42 ಎಲೆಕ್ಟ್ರಾನ್. ನಿಮ್ಮ ಸೆಲ್ಲಿನಲ್ಲಿ ನಾಲ್ಕು ಕಾಂಪ್ಲೆಕ್ಸ್ ಇದ್ದರೆ ಎರಡು ದ್ರಾವಕ ಅಣು, ಅಂದರೆ 84 ಎಲೆಕ್ಟ್ರಾನ್. ಪ್ರೋಗ್ರಾಮ್ ಕೊಡುವ ಸಂಖ್ಯೆ ಇದರ ಹತ್ತಿರ ಇದೆಯೇ ನೋಡಿ, ಮತ್ತು ಅದನ್ನು ಬರವಣಿಗೆಯಲ್ಲಿ ಹೇಳಿ. ಸಾಧ್ಯವಾದರೆ ಮೊದಲು ಆ ದ್ರಾವಕವನ್ನು ಎರಡು ಜಾಗದಲ್ಲಿ ಹಂಚಿ ಮಾಡೆಲ್ ಮಾಡಲು ನೋಡಿ. ಅದು ಆಗದಿದ್ದರೆ ಮಾತ್ರ ಸ್ಕ್ವೀಝ್. ಪಲ್ಲಾಡಿಯಮ್‌ನಿಂದ ಒಂದು ಆಂಗ್‌ಸ್ಟ್ರಾಂ ಒಳಗೆ ಉಳಿದಿರುವ ಎಲೆಕ್ಟ್ರಾನ್ ಗುಡ್ಡೆಗೆ ಹೆದರಬೇಡಿ. ಭಾರದ ಲೋಹದ ಸುತ್ತ ಅದು ಮಾಮೂಲು. ಅಬ್ಸಾರ್ಪ್ಷನ್ ಕರೆಕ್ಷನ್ ಇನ್ನೊಮ್ಮೆ ಮಾಡಿ ನೋಡಿ.

ಈಗ ನಿಮ್ಮ ಮೂಲ ಪ್ರಶ್ನೆ. ಒಂದು ಹರಳು ಇಡೀ ಫ್ಲಾಸ್ಕ್‌ನ ಪರವಾಗಿ ಮಾತಾಡುತ್ತದೆಯೇ? ತಾನಾಗಿಯೇ ಇಲ್ಲ. ನೀವು ಅಳೆದದ್ದು ಒಂದು ಮಿಲಿಮೀಟರಿನ ಕಾಲು ಭಾಗವೂ ಇಲ್ಲದ ಒಂದು ಕಣವನ್ನು. ಪುಡಿ ನೂರಾರು ಮಿಲಿಗ್ರಾಂ ಇದೆ. ಪುಡಿಯ ಎಕ್ಸ್-ರೇ ತೆಗೆಸಿ, ನಿಮ್ಮ ಹರಳಿನ ರಚನೆಯಿಂದ ಮರ್ಕ್ಯುರಿ ಪ್ರೋಗ್ರಾಮ್‌ನಲ್ಲಿ ಲೆಕ್ಕ ಹಾಕಿದ ಗೆರೆಗಳ ಜೊತೆ ಮೇಲೆ ಕೆಳಗೆ ಇಟ್ಟು ಹೋಲಿಸಿ. ಹರಳನ್ನು 100 ಕೆಲ್ವಿನ್‌ನಲ್ಲಿ ಅಳೆದು, ಪುಡಿಯನ್ನು ಕೋಣೆಯ ಬಿಸಿಯಲ್ಲಿ ಅಳೆದರೆ ಗೆರೆ ಸ್ವಲ್ಪ ಸರಿಯುತ್ತವೆ. ಅದು ಪರವಾಗಿಲ್ಲ. ಆದರೆ ಹರಳಿನಿಂದ ಡೈಕ್ಲೋರೊಮೀಥೇನ್ ಹಾರಿಹೋದರೆ ಗೆರೆಗಳೇ ಬದಲಾಗಬಹುದು. ಹರಳು ಮಸುಕಾಗಿ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದೇ ಆಗಿದೆ ಅಂತ ತಿಳಿಯಿರಿ. ಆದ್ದರಿಂದ ಸೀಸೆಯಿಂದ ತೆಗೆದ ತಕ್ಷಣ ಎಣ್ಣೆಯಲ್ಲಿ ಅದ್ದಿಡಿ.

ಫಾಸ್ಫರಸ್ ಎನ್‌ಎಂಆರ್ ಬಗ್ಗೆ ಒಂದು ಹಳ್ಳ ತೋರಿಸಬೇಕು. ಬಿಡಿ ಫಾಸ್ಫೀನ್ ಗೆರೆ ಸೊನ್ನೆಯಿಂದ ಕೆಳಗೆ 5ರ ಹತ್ತಿರ, ಗುರುತಿಸುವುದು ಸುಲಭ. ಆದರೆ ಪಲ್ಲಾಡಿಯಮ್‌ಗೆ ಅಂಟಿದ ಟ್ರೈಫಿನೈಲ್‌ಫಾಸ್ಫೀನ್ ಬಹಳ ಸಲ 20ರಿಂದ 35ರ ನಡುವೆ ಬರುತ್ತದೆ. ಆಕ್ಸೈಡ್ ಬರುವುದೂ 29ರ ಹತ್ತಿರ! "29ಕ್ಕೆ ಒಂದೇ ಗೆರೆ, ಶುದ್ಧವಾಗಿದೆ" ಎಂದು ಬರೆದ ಪುಡಿ ಅರ್ಧ ಆಕ್ಸೈಡ್ ಆಗಿದ್ದನ್ನು ನಾನು ನೋಡಿದ್ದೇನೆ. ಒಂದು ಗೆರೆ ಕಂಡರೆ ಅದೇ ಟ್ಯೂಬಿಗೆ ಚಿಟಿಕೆ ಶುದ್ಧ ಆಕ್ಸೈಡ್ ಹಾಕಿ ಮತ್ತೆ ಅಳೆಯಿರಿ. ಹೊಸ ಗೆರೆ ಎದ್ದರೆ ಮೊದಲಿನದು ನಿಮ್ಮ ಕಾಂಪ್ಲೆಕ್ಸ್‌ದು. ಇದ್ದ ಗೆರೆಯೇ ದಪ್ಪವಾದರೆ ಅಲ್ಲಿ ಆಕ್ಸೈಡ್ ಇದೆ. ಐಆರ್‌ನಲ್ಲಿ 1190ರ ಹತ್ತಿರ ಗಟ್ಟಿ ಪಟ್ಟಿ ಇದೆಯಾ ಅಂತಲೂ ನೋಡಿ, ಅದು ಫಾಸ್ಫರಸ್-ಆಕ್ಸಿಜನ್ ಬಂಧ.

ಮುಂದೆ ಏನು ಮಾಡಬಹುದು? ಡಿಸೆಂಬರ್ ಹತ್ತಿರ ಇರುವುದರಿಂದ ನನ್ನ ಸಲಹೆ, ಈಗಿರುವ ರಚನೆಯನ್ನೇ ಉಳಿಸಿಕೊಂಡು ಪುಡಿಯನ್ನು ಶುದ್ಧ ಮಾಡಿ. ತಣ್ಣನೆಯ ಮೆಥನಾಲ್‌ನಲ್ಲಿ ಎರಡು ಮೂರು ಸಲ ತೊಳೆದರೆ ಆಕ್ಸೈಡ್ ಹೋಗುತ್ತದೆ. ಕಾಂಪ್ಲೆಕ್ಸ್ ಅದರಲ್ಲಿ ಅಷ್ಟಾಗಿ ಕರಗಲಾರದು, ಆದರೂ ಮೊದಲು ಹತ್ತು ಮಿಲಿಗ್ರಾಂನಲ್ಲಿ ಪರೀಕ್ಷಿಸಿ ಆಮೇಲೆ ಎಲ್ಲಕ್ಕೂ ಮಾಡಿ. ತೊಳೆದ ಮೆಥನಾಲನ್ನು ಚೆಲ್ಲಬೇಡಿ, ಪಲ್ಲಾಡಿಯಮ್ ಅಗ್ಗದ್ದಲ್ಲ. ಇದರಲ್ಲಿ ಅಪಾಯ ಕಡಿಮೆ. ಸ್ವಲ್ಪ ಇಳುವರಿ ಹೋಗುತ್ತದೆ, ಅಷ್ಟೇ.

ಸಮಯ ಸಿಕ್ಕರೆ ದಾರಿಯನ್ನೇ ಬದಲಿಸುವುದು ಇನ್ನೂ ಒಳ್ಳೆಯದು. ಒಂದೊಂದು ಪಲ್ಲಾಡಿಯಮ್‌ಗೆ ಒಂದೇ ಫಾಸ್ಫೀನ್ ಇರುವ, ಕ್ಲೋರಿನ್ ಸೇತುವೆಯ ಜೋಡಿ ಕಾಂಪ್ಲೆಕ್ಸ್‌ನಿಂದ ಶುರು ಮಾಡಿ. ಆಗ ಕಳಚಿ ಬೀಳಲು ಫಾಸ್ಫೀನೇ ಇರುವುದಿಲ್ಲ, ಆಕ್ಸೈಡ್ ಹುಟ್ಟುವ ಮೂಲವೇ ಇಲ್ಲ. ಆ ಜೋಡಿಯನ್ನು ಶುದ್ಧವಾಗಿ ಮಾಡಲು ಒಂದು ಹೆಜ್ಜೆ ಜಾಸ್ತಿ, ಅದಕ್ಕೆ ಒಂದೆರಡು ವಾರ ಬೇಕು. ಯಾವ ದಾರಿಯಾದರೂ ಡೈಥಯೋಕಾರ್ಬಮೇಟ್ ತೂಗುವಾಗ ಬಾಟಲಿಯ ಲೇಬಲ್ ಓದಿ. ಅದು ಸಾಮಾನ್ಯವಾಗಿ ಮೂರು ನೀರಿನ ಅಣುಗಳ ಜೊತೆ ಬರುತ್ತದೆ, ಅಣುತೂಕ 225.3. ನೀರಿಲ್ಲದ್ದು 171.3. ನೀರಿಲ್ಲದ ಬಾಟಲಿಯಿಂದ ನೀರಿರುವ ಲೆಕ್ಕದಲ್ಲಿ ತೂಗಿದರೆ ಶೇ. 30ಕ್ಕೂ ಜಾಸ್ತಿ ಬೀಳುತ್ತದೆ. ಆಗ ಎರಡು ಡೈಥಯೋಕಾರ್ಬಮೇಟ್ ಇರುವ, ಫಾಸ್ಫೀನೇ ಇಲ್ಲದ ಕಾಂಪ್ಲೆಕ್ಸ್ ಕೂಡ ಹುಟ್ಟುತ್ತದೆ. ಅದರ ಹಳದಿ ಬಣ್ಣ ಕಿತ್ತಳೆಗೆ ಹತ್ತಿರ ಇರುವುದರಿಂದ ಬೆರೆತಾಗ ಕಣ್ಣಿಗೆ ಗೊತ್ತಾಗುವುದಿಲ್ಲ.

ಹರಳನ್ನು ಮತ್ತೆ ಬೆಳೆಸುವುದಾದರೆ ನಮ್ಮೂರಿನ ಹವೆಯನ್ನು ಲೆಕ್ಕಕ್ಕೆ ತಗೊಳ್ಳಿ. ಈಥರ್ ಕುದಿಯುವುದು 34.6 ಡಿಗ್ರಿಗೆ, ಡೈಕ್ಲೋರೊಮೀಥೇನ್ 40ಕ್ಕೆ. ಹುಬ್ಬಳ್ಳಿ-ಧಾರವಾಡದಲ್ಲಿ ಏಪ್ರಿಲ್ ಮಧ್ಯಾಹ್ನ 36-37 ಡಿಗ್ರಿ ಮಾಮೂಲು. ಆಗ ಈಥರ್ ಆವಿ ಮೆಲ್ಲಗೆ ಬರುವುದಿಲ್ಲ, ನುಗ್ಗುತ್ತದೆ. ಪುಡಿ ಬೀಳುತ್ತದೆಯೇ ಹೊರತು ಹರಳಾಗುವುದಿಲ್ಲ. ಸಂಕ್ರಾಂತಿಗೆ ಮನೆಯಲ್ಲಿ ಕುಸುರೆಳ್ಳು ಮಾಡುವುದನ್ನು ನೋಡಿದ್ದೀರಲ್ಲ? ಸಣ್ಣ ಉರಿ, ಚಮಚ ಚಮಚವಾಗಿ ಪಾಕ. ಒಮ್ಮೆಲೇ ಸುರಿದರೆ ಮುಳ್ಳು ಏಳುವುದಿಲ್ಲ, ಗಂಟಾಗುತ್ತದೆ. ಇಲ್ಲಿಯೂ ಹಾಗೆ. ಬೇಸಿಗೆಯಲ್ಲಿ ಸೀಸೆಯನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿ, ನೆಲಮಹಡಿಯ ತಂಪು ಮೂಲೆಯಲ್ಲಿಡಿ. ಇಲ್ಲವೇ ಈಥರ್ ಬದಲು ಹೆಕ್ಸೇನ್‌ನ್ನು ಮೇಲೆ ಪದರವಾಗಿ ಬಿಡಿ. ಮನೆಯ ಫ್ರಿಜ್‌ನಲ್ಲಿ ಮಾತ್ರ ಈಥರ್ ಇಡಬೇಡಿ. ಅದರ ಸ್ವಿಚ್ಚಿನ ಕಿಡಿ ಸಾಕು ಹೊತ್ತಿಕೊಳ್ಳಲು.

"ಮಳೆಗಾಲದಲ್ಲಿ ಹರಳು ಬರುವುದಿಲ್ಲ" ಎಂದು ಲ್ಯಾಬಿನಲ್ಲಿ ಹೇಳುತ್ತಿರುತ್ತಾರೆ. ಸೀಸೆ ತೆರೆದಿಟ್ಟರೆ ಆ ಮಾತು ನಿಜ. ಡೈಕ್ಲೋರೊಮೀಥೇನ್ ಆರುವಾಗ ತಣ್ಣಗಾಗಿ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಹರಳಿನ ಬದಲು ಎಣ್ಣೆಯಂಥ ಹನಿ ಸಿಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಈಥರ್ ಆವಿ ಬಿಡುವುದಾದರೆ ಧಾರವಾಡದ ಜುಲೈನಷ್ಟು ಒಳ್ಳೆಯ ತಿಂಗಳು ಇನ್ನೊಂದಿಲ್ಲ ಎನ್ನುತ್ತೇನೆ. ದ್ರಾವಕ ಬದಲಿಸಿ ಬೆಳೆಸಿದರೆ ಆ ಚೆಲ್ಲಾಪಿಲ್ಲಿ ಡೈಕ್ಲೋರೊಮೀಥೇನ್ ತಪ್ಪಿ ರಚನೆ ಇನ್ನೂ ಚೊಕ್ಕಟ ಬರಬಹುದು. ಹರಳೇ ಬಾರದೆ ಎರಡು ತಿಂಗಳು ಹೋಗಲೂಬಹುದು. ಅದು ಈ ದಾರಿಯ ಅಪಾಯ.

ಕೊನೆಗೆ ಆ "ವಿಷ"ದ ಮಾತು. ಅದು ಹುಟ್ಟಿದ್ದು ಲೋಹದ ಮೇಲ್ಮೈ ಕತೆಯಿಂದ. ಇದ್ದಿಲಿನ ಮೇಲೆ ಹರಡಿದ ಪಲ್ಲಾಡಿಯಮ್‌ನಿಂದ ಹೈಡ್ರೋಜನ್ ಸೇರಿಸುವಾಗ ಗಂಧಕ ಬಂದು ಮೇಲ್ಮೈಯನ್ನು ಆಕ್ರಮಿಸಿ ಕೆಲಸ ನಿಲ್ಲಿಸುತ್ತದೆ. ರೋಸೆನ್‌ಮುಂಡ್ ವಿಧಾನದಲ್ಲಿ ಆಲ್ಡಿಹೈಡ್ ಹಂತಕ್ಕೆ ನಿಲ್ಲಿಸಲು ಬೇಕಂತಲೇ ಗಂಧಕದ ವಿಷ ಹಾಕುತ್ತಾರೆ. ಆದರೆ ಗಂಧಕ ಅಲ್ಲಿ ಅಷ್ಟು ಗಟ್ಟಿಯಾಗಿ ಕೂರುವ ಕಾರಣವೇ ನಿಮ್ಮ ಕಾಂಪ್ಲೆಕ್ಸ್ ಗಟ್ಟಿಯಾಗಿರಲೂ ಕಾರಣ. ಪಿಯರ್ಸನ್ 1963ರಲ್ಲಿ ಹೇಳಿದಂತೆ ಮೆದು ಲೋಹಕ್ಕೆ ಮೆದು ಲಿಗ್ಯಾಂಡ್ ಒಗ್ಗುತ್ತದೆ. ಪಲ್ಲಾಡಿಯಮ್, ಗಂಧಕ, ಫಾಸ್ಫೀನ್ ಮೂರೂ ಮೆದು. ಗಂಧಕದ ಲಿಗ್ಯಾಂಡ್ ಇರುವ ಪಲ್ಲಾಡಿಯಮ್ ಕಾಂಪ್ಲೆಕ್ಸ್‌ಗಳು ಎರಡು ಕಾರ್ಬನ್‌ಗಳನ್ನು ಜೋಡಿಸುವ ಸುಜುಕಿ ಕಪ್ಲಿಂಗ್‌ನಲ್ಲಿ ಕೆಲಸ ಮಾಡಿರುವುದು ಉಂಟು. ನಿಮ್ಮದೂ ಮಾಡಬಹುದು. ಆದರೆ ಹರಳಿನಲ್ಲಿ ಕಂಡ ಅಣುವೇ ಬಿಸಿ ಫ್ಲಾಸ್ಕ್‌ನಲ್ಲೂ ಕೆಲಸ ಮಾಡುತ್ತಿದೆ ಎಂದು ಬರೆಯಬೇಡಿ. ಫ್ಲಾಸ್ಕ್‌ನ ಗೋಡೆಗೆ ಕಪ್ಪು ಹತ್ತಿದ್ದರೆ ಕಾಂಪ್ಲೆಕ್ಸ್ ಒಡೆದು ಲೋಹವಾಗಿದೆ, ಕೆಲಸ ಮಾಡಿದ್ದು ಆ ಲೋಹದ ಕಣಗಳೇ ಇರಬಹುದು.

ಮತ್ತೊಂದು ವಿಷಯ, ತಂಗಿ. ಆ ಬಣ್ಣವಿಲ್ಲದ ಹರಳುಗಳನ್ನು ಬೇಜಾರಿನಲ್ಲಿ ಎಸೆದಿಲ್ಲ ತಾನೇ? ಎಸೆಯಬೇಡಿ. ಸೂಜಿಯಿಂದ ಒಂದೊಂದಾಗಿ ಆರಿಸಿ, ಒಂದು ಚಿಕ್ಕ ಸೀಸೆಗೆ ಹಾಕಿ, ಹೆಸರು ತಾರೀಕು ಬರೆದಿಡಿ. ಎಕ್ಸ್-ರೇಯಲ್ಲಿ ರುಜುವಾತಾದ ಶುದ್ಧ ಫಾಸ್ಫೀನ್ ಆಕ್ಸೈಡ್ ಅದು. ಎನ್‌ಎಂಆರ್ ಟ್ಯೂಬಿಗೆ ಹಾಕಿ ಅಂತ ಮೇಲೆ ಹೇಳಿದೆನಲ್ಲ, ಆ ಚಿಟಿಕೆ ಆಕ್ಸೈಡನ್ನು ಅದರಿಂದಲೇ ತಗೊಳ್ಳಿ.